ಹೊಸ ತಂಬಿಗೆಗೆ ಹಳೆಯ ಕಿಲುಬು

ಯಾರ ಮನೆಗೆ ಹೋದರೂ ಅವರು ಕೊಟ್ಟ ನೀರಿನ ತಂಬಿಗೆಯನ್ನು ಎತ್ತಿ, ತಿರುಗಿಸಿ, ಅದರ ಮೇಲೆ ಯಾರ ಹೆಸರಿದೆ ಎಂದು ಓದುವ ಚಟ ನನಗೆ ಈಚೆಗೆ ಹತ್ತಿದೆ. ನೀರು ತುಂಬಿದ ತಂಬಿಗೆಯನ್ನು ಓರೆ ಮಾಡಿದರೆ ಏನಾಗುತ್ತದೆ ಎಂಬುದು ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದವನಿಗೆ ಗೊತ್ತಿರಬೇಕು. ಹೋದ ವಾರ ಅಥಣಿಯಲ್ಲಿ ಬೀಗರ ಮನೆಯ ಹೊಸ ಸೋಫಾದ ಮೇಲೆ ಅರ್ಧ ತಂಬಿಗೆ ನೀರು ಚೆಲ್ಲಿದೆ. ಬೀಗಿತಿ ನಕ್ಕರು, ಬೀಗರು ನಗಲಿಲ್ಲ. ನನ್ನ ಹೆಂಡತಿ ಶೋಭಾ ರಾಯಬಾಗ ಬರುವವರೆಗೂ ಒಂದೇ ಮಾತು ಹಿಡಿದಿದ್ದಳು.

“ಒಂದ ತಾಂಬ್ಯಾ ಮಾಡಿದ್ದ ಸಾಲಲಿಲ್ಲೇನ್ರಿ ನಿಮಗ?”

ತಾಂಬ್ಯಾ ಎಂದರೆ ನಮ್ಮ ಕಡೆ ತಂಬಿಗೆ. ಆ ಒಂದು ತಾಂಬ್ಯಾದ ವಿಷಯ ಈಗ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಿಮಗೊಬ್ಬರಿಗೆ ಮುಚ್ಚಿಟ್ಟು ನಾನು ಸಾಧಿಸುವುದೇನೂ ಉಳಿದಿಲ್ಲ.

ಮನೆ ಮಾಡಿದ್ದು ರಾಯಬಾಗದಲ್ಲಾದರೂ ನಾನು ನನ್ನ ಹುಟ್ಟೂರಿನ ಶಾಲೆಯಲ್ಲೇ ಮಾಸ್ತರ, ಜೊತೆಗೆ ಜಾದೂಗಾರ. ಜಾದೂಗಾರ ಎಂಬುದು ದೊಡ್ಡ ಮಾತಾಯಿತು. ವರ್ಷಕ್ಕೊಮ್ಮೆ ಶಾಲೆಯ ಗ್ಯಾದರಿಂಗ್‌ನಲ್ಲಿ, ಮಕ್ಕಳ ಕುಣಿತ ಮುಗಿದು, ಬಹುಮಾನ ಹಂಚಬೇಕಾದ ಅತಿಥಿಗಳು ಇನ್ನೂ ದಾರಿಯಲ್ಲೇ ಇದ್ದಾರೆಂದು ಫೋನು ಬಂದಾಗ, ಹೆಡ್ ಮಾಸ್ತರರು ನನ್ನ ಕಡೆ ನೋಡಿ ಕೈ ಬೀಸುತ್ತಾರೆ. ಅಲ್ಲಿಂದ ನಾನು ಜಾದೂಗಾರ. ಅತಿಥಿಗಳ ಕಾರು ಗೇಟಿಗೆ ಬಂತೋ, ಅರ್ಧಕ್ಕೇ ಮತ್ತೆ ಮಾಸ್ತರ. ಒಂದು ವರ್ಷ ಸ್ಕೌಟಿನವರ ಹಗ್ಗವನ್ನು ಎರಡು ತುಂಡು ಮಾಡಿದ್ದೆ, ಕೂಡಿಸುವಷ್ಟರಲ್ಲಿ ಕಾರು ಬಂತು. ಆ ತುಂಡುಗಳು ಇನ್ನೂ ಆಫೀಸಿನ ಕಪಾಟಿನಲ್ಲಿವೆ.

ಈ ರೋಗ ನನಗೆ ಅಂಟಿದ್ದು ಕುಡಚಿಯ ಸಂತೆಯಲ್ಲಿ, ನಾಲ್ಕನೆಯ ತರಗತಿಯಲ್ಲಿದ್ದಾಗ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪೇರಲಹಣ್ಣು ಮಾರುವವರ ಪಕ್ಕ ಒಬ್ಬ ಗಾರುಡಿಗ ಕೂತಿದ್ದ. ಮುಂದೆ ಒಂದು ಮಾಸಿದ ತಾಮ್ರದ ತಂಬಿಗೆ. ಅದರ ನೀರನ್ನೆಲ್ಲ ನೆಲಕ್ಕೆ ಸುರಿದು, ಬೋರಲು ಹಾಕಿ ತೋರಿಸಿ, ಬದಿಗಿಟ್ಟು, ಏನೋ ಹರಟೆ ಹೊಡೆದು, ಮತ್ತೆ ಎತ್ತಿ ಬಗ್ಗಿಸಿದರೆ ಮತ್ತೆ ನೀರು! ಹೀಗೆ ಮೂರು ಸಲ. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಮ್ಮವ್ವ ಚಂದ್ರವ್ವ, ಸಂತೆಯಲ್ಲಿ ಎಲ್ಲೂ ಅರೆಗಳಿಗೆ ನಿಲ್ಲದವಳು, ಕಾಯಿಪಲ್ಯದ ಚೀಲ ಹೊತ್ತುಕೊಂಡೇ ಪೂರ್ತಿ ಆಟ ನೋಡಿದಳು. ಆಮೇಲೆ ನನಗೆ ಹೇಳಿದಳು, “ಹಳೇ ತಾಂಬ್ಯಾ ಐತಿ ತಮ್ಮಾ. ಹಳೇ ಸಾಮಾನಿನ್ಯಾಗ ಸತ್ಯ ಇರತೈತಿ.”

ಇರುವ ಸತ್ಯ ಇಷ್ಟೇ. ಆ ತಂಬಿಗೆಗೆ ಎರಡು ಗೋಡೆ, ನಡುವೆ ಕಳ್ಳ ಜಾಗ. ಕಂಠದ ಹತ್ತಿರ ಸಾಸಿವೆಯಷ್ಟು ತೂತು. ಹೆಬ್ಬೆರಳಿನಿಂದ ತೂತು ಮುಚ್ಚಿ ಬಗ್ಗಿಸಿದರೆ ಒಳಗಿನ ನೀರಷ್ಟೇ ಖಾಲಿಯಾಗುತ್ತದೆ. ಬೆರಳು ತೆಗೆದು ಕೆಳಗಿಟ್ಟರೆ ಗೋಡೆಯ ನಡುವಿನ ನೀರು ಮೆಲ್ಲಗೆ ಒಳಗೆ ಇಳಿಯುತ್ತದೆ. ಇದನ್ನು ನಾನು ತಿಳಿದದ್ದು ಬಿ.ಎಸ್ಸಿ. ಓದುವಾಗ. ಆದರೆ ಅಂಥ ತಂಬಿಗೆ ಕೈಗೆ ಸಿಕ್ಕಿದ್ದು ಹೋದ ವರ್ಷ, ಮೊಬೈಲಿನಲ್ಲಿ ತರಿಸಿಕೊಂಡಾಗ.

ಬಂದ ತಂಬಿಗೆ ಥಳಥಳ. ಗ್ಯಾದರಿಂಗ್‌ನಲ್ಲಿ ಎತ್ತಿ ಹಿಡಿದು, “ಇದೊಂದು ಸಾದಾ ತಾಂಬ್ಯಾ” ಎನ್ನುವುದರೊಳಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಅದು ಆನ್‌ಲೈನ್‌ದಾಗ ಬರತೈತ್ರಿ. ಎರಡ ಗ್ವಾಡಿ ಇರತಾವರಿ ಅದಕ್ಕ.”

ಸಭೆ ಗೊಳ್ಳೆಂದು ನಕ್ಕಿತು. ನನಗೆ ಸಿಡಿಲು ಬಡಿದಂತಾಯಿತು. ಮುಂದೆ ನನಗೆ ಬಡಿಯಲಿದ್ದದ್ದರ ಮುಂದೆ ಅದು ಸಿಡಿಲೇ ಅಲ್ಲ ಎಂಬುದು ಆಗ ಗೊತ್ತಿರಲಿಲ್ಲ. ಮನೆಗೆ ಬಂದು ಯೋಚಿಸಿದೆ. ಗಾರುಡಿಗನ ತಂಬಿಗೆಯನ್ನು ಯಾರೂ ಸಂಶಯಿಸಲಿಲ್ಲ, ಏಕೆಂದರೆ ಅದು ಹಳೆಯದಾಗಿತ್ತು. ನನ್ನದೂ ಹಳೆಯದಾಗಬೇಕು.

ಮೊದಲು ನಿಂಬೆಹಣ್ಣು, ಉಪ್ಪು ಹಚ್ಚಿ ಇಟ್ಟೆ. ಹುಳಿ ಲೋಹವನ್ನು ತಿನ್ನುತ್ತದೆ ಎಂದು ಪಾಠ ಹೇಳಿದವನೇ ನಾನು. ಬೆಳಿಗ್ಗೆ ನೋಡಿದರೆ ತಂಬಿಗೆ ಮದುಮಗಳ ಹಾಗೆ ಮೊದಲಿಗಿಂತ ಹೆಚ್ಚು ಹೊಳೆಯುತ್ತಿದೆ.

“ವಿಜ್ಞಾನದ ಮಾಸ್ತರ್ರ,” ಎಂದಳು ಶೋಭಾ, “ತಾಮ್ರಾ ಬೆಳಗೂದ ನಿಂಬಿಹಣ್ಣ, ಹುಣಸಿಹಣ್ಣ ಹಚ್ಚಿ. ಮಂದಿ ಹೊಸಾದ ಮಾಡಾಕ ತಿಕ್ಕತಾರ, ನೀವು ಹಳೇದ ಮಾಡಾಕ ತಿಕ್ಕಾಕತ್ತೀರಿ!”

ಆಮೇಲೆ ಮೊಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಹೊಸ್ತಿಲಾಚೆ ನಿಂತು ಆಡಬೇಕು. ಹಾಗಾಗಿ ಶಾಲೆಯ ಪ್ರಯೋಗಾಲಯದಲ್ಲಿ ಎರಡು ಮೊಟ್ಟೆ ಕುದಿಸಿ, ಜಜ್ಜಿ, ತಂಬಿಗೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದೆ. ಮೂರು ದಿನ ಬಿಟ್ಟು ಚೀಲ ಬಿಚ್ಚಿದಾಗ ತಂಬಿಗೆ ಕಪ್ಪಾಗಿತ್ತು. ಹೆಡ್ ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು, “ಸರ, ಏನ ಸತ್ತೈತ್ರಿ ಒಳಗ?” ಎಂದು ಕೇಳಿದರು. ನಾನು ಗಂಧಕದ ಪ್ರಯೋಗ ಎಂದೆ. ಸುಳ್ಳೇನೂ ಅಲ್ಲ.

ಬರೀ ಕಪ್ಪಾದರೆ ಸುಟ್ಟದ್ದು ಎನ್ನಿಸುತ್ತದೆ, ಹಳೆಯದು ಎನ್ನಿಸುವುದಿಲ್ಲ. ಬೋರಗಾಂವದಲ್ಲಿರುವ ಶೋಭಾಳ ಅಣ್ಣನಿಂದ ತಂಬಾಕಿನ ಕಸ ತರಿಸಿ, ಕುದಿಸಿ, ಆ ನೀರಿನಲ್ಲಿ ಅದ್ದಿಟ್ಟೆ. ಬಣ್ಣ ಕಂದಿತು. ಉಪ್ಪು ಸವರಿ ಮೂರು ವಾರ ತಿಪ್ಪೆಯಲ್ಲಿ ಹೂಳಿದೆ. ಅಲ್ಲಲ್ಲಿ ಹಸಿರು ಕಿಲುಬು ಎದ್ದಿತು. ತಳವನ್ನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿಗೆ ದಿನಾ ಇಷ್ಟಿಷ್ಟು ಉಜ್ಜಿ ಸವೆಸಿದೆ. ಒಂದು ತಗ್ಗೂ ಬೇಕಲ್ಲ? ಬಟ್ಟೆ ಸುತ್ತಿದ ಕೊಡತಿಯಿಂದ, ಒಳಗೋಡೆ ಒಡೆಯದಂತೆ, ದೇವರ ಹೆಸರು ಹೇಳಿ ಒಂದೇ ಏಟು ಹಾಕಿದೆ. ಅಷ್ಟು ಜೋಪಾನದಿಂದ ನಾನು ನನ್ನ ಮಗನನ್ನೂ ಹೊಡೆದದ್ದಿಲ್ಲ.

ಎಲ್ಲ ಆದಮೇಲೂ ಏನೋ ಕಮ್ಮಿ ಅನ್ನಿಸಿತು. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಹೆಸರಿಲ್ಲ! ನಮ್ಮ ಕಡೆ ಹೆಸರಿಲ್ಲದ ಹಳೆಯ ಪಾತ್ರೆ ಎಲ್ಲಿದೆ ಹೇಳಿ? ಮದುವೆಗೆ ತವರಿನವರು ಉಡುಗೊರೆಯಾಗಿ ಆಹೇರು ಮಾಡಿದ ಕೊಡಕ್ಕೂ ತಾಟಿಗೂ ಹೆಸರು ಹಾಕಿಸದೆ ಕೊಟ್ಟರೆ ಅದು ಕೊಟ್ಟಂತೆಯೇ ಅಲ್ಲ.

ಹೆಸರಿಗೆ ಕಾರಣವೂ ಇತ್ತು. ಆಗೆಲ್ಲ ಒಬ್ಬರ ಮನೆಯ ಮದುವೆಗೆ ಓಣಿಯ ಪಾತ್ರೆಗಳೆಲ್ಲ ಬರುತ್ತಿದ್ದವು. ಮದುವೆ ಮುಗಿದ ಮೇಲೆ ಹೆಸರು ನೋಡಿ ನೋಡಿ ತಿರುಗಿ ಮುಟ್ಟಿಸಬೇಕು. ಆದರೂ ಅದಲುಬದಲು ತಪ್ಪದು. ಪ್ರತಿ ಮನೆಯಲ್ಲೂ ಪರರ ಹೆಸರಿನ ಒಂದೆರಡು ಪಾತ್ರೆ ಇದ್ದೇ ಇರುತ್ತವೆ, ಯಾರೂ ಕೇಳುವುದಿಲ್ಲ. ನಮ್ಮವ್ವ ಮಾತ್ರ ಈ ವಿಷಯದಲ್ಲಿ ಹುಚ್ಚಿ. ನಮ್ಮ ಅಕ್ಕನ ಮದುವೆ ಮುಗಿದ ಮೇಲೆ ಯಾರದೆಂದು ತಿಳಿಯದ ಒಂದು ಸೌಟು ನಮ್ಮಲ್ಲಿ ಉಳಿಯಿತು. ಅವ್ವ ಅದನ್ನು ಬಾಗಿಲ ಹೊರಗೆ ಮೊಳೆಗೆ ನೇತು ಹಾಕಿದಳು, ಯಾರದೋ ಅವರು ನೋಡಿ ಒಯ್ಯಲಿ ಎಂದು. ಯಾರೂ ಒಯ್ಯಲಿಲ್ಲ. ಅವ್ವ ತೀರಿ ಆರು ವರ್ಷವಾಯಿತು, ಸೌಟು ಊರ ಮನೆಯ ಬಾಗಿಲಲ್ಲಿ ಇನ್ನೂ ನೇತಾಡುತ್ತಿದೆ. ಒಂದು ದಿನವೂ ಅದರಿಂದ ಒಂದು ಹನಿ ಸಾರು ಬಡಿಸಲಿಲ್ಲ ಅವಳು.

ಹೆಸರು ಕೊರೆಸಲು ಕುಡಚಿಗೆ ಹೋದೆ. ಈಗ ಪಾತ್ರೆಯ ಅಂಗಡಿಗಳಲ್ಲಿ ಕರೆಂಟಿನ ಪೆನ್ನಿನಿಂದ ಗುರ್‍ರೆಂದು ಬರೆದು ಕೊಡುತ್ತಾರೆ. ನನಗೆ ಉಳಿ, ಸುತ್ತಿಗೆಯ ಕೆಲಸವೇ ಬೇಕಿತ್ತು. ಎಪ್ಪತ್ತು ದಾಟಿದ ದಸ್ತಗೀರ ಚಾಚಾ ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. ತಂಬಿಗೆಯನ್ನು ತಿರುಗಿಸಿ, ತೂಕ ನೋಡಿ, ಗೋಡೆಗೆ ಬೆರಳಿನಿಂದ ಬಡಿದು ನಕ್ಕರು. ಕಸಬುದಾರನಿಗೆ ಯಾವ ಕಿಲುಬು ಕಣ್ಣು ಕಟ್ಟೀತು?

“ಯಾರ ಹೆಸರ ಹಾಕ್ಲಿ ಸಾಹೇಬ್ರ?”

“ಯಾವುದರ ಹಳೇ ಹೆಸರ ಹಾಕ್ರಿ ಚಾಚಾ. ಜಾದೂದ್ದ ಐತಿ, ಯಾರ ಓದತಾರ?”

ಚಾಚಾ ಉಳಿ ಎತ್ತಿಕೊಂಡರು. “ಹಂಗಾರ ನಾ ಪಹಿಲೇ ಕೊರದ ಹೆಸರ ಹಾಕ್ತೀನಿ. ಆಗ ನನಗ ಹದಿನಾರ ವರ್ಷ. ಉಸ್ತಾದ ಮೊದಲನೇ ಸಲ ಉಳಿ ನನ್ನ ಕೈಯಾಗ ಕೊಟ್ಟಿದ್ರು. ಯಾವುದೋ ಹುಡುಗಿಗೆ ತವರಮನಿ ಆಹೇರ. ಕೈ ನಡಗಿ, ಕಡೀ ಅಕ್ಷರದ ಮ್ಯಾಲ ಉಳಿ ಜಾರಿ, ಕಂಠದ ಮಟಾ ಗೆರಿ ಎಳೀತ. ಉಸ್ತಾದ ತಲೀಗ ಒಂದ ಹೊಡದ್ರು ನೋಡ್ರಿ. ಆ ಹೊಡತ ಮರತಿಲ್ಲ, ಹೆಸರ ಹೆಂಗ ಮರೀಲಿ?”

“ಹಂಗಾರ ಗೆರೀನೂ ಜಾರಸ್ರಿ ಚಾಚಾ!” ನಾನು ಕುಣಿದಾಡುವುದೊಂದು ಬಾಕಿ.

“ಖರೇ ಐತಿ. ಹಳೇದ ಅನಸಬೇಕಂದ್ರ ಒಂದ ತಪ್ಪ ಇರಬೇಕ.”

ಟಕ್ ಟಕ್ ಎಂದು ಅರ್ಧ ತಾಸಿನಲ್ಲಿ ಮೂಡಿತು: ಸೌ. ಸೋನಾಬಾಯಿ. ಕೊನೆಯ ಅಕ್ಷರದಿಂದ ಮೇಲಕ್ಕೆ ಹಾರಿದ ಒಂದು ಗೆರೆ. ಹೊಸ ಗೆರೆಗಳಿಗೆ ತಂಬಾಕಿನ ಕಸ ತಿಕ್ಕಿ ಕಪ್ಪು ಮಾಡಿದೆ. ಶೋಭಾ ಕೂಡ ನೋಡಿ, “ನಮ್ಮ ಅಜ್ಜೀ ಕಾಲದ್ದ ಅನಸತೈತಿ ನೋಡ್ರಿ” ಎಂದಳು. ಜನ್ಮ ಸಾರ್ಥಕವಾಯಿತು ಅಂದುಕೊಂಡೆ.

ಈ ಸಲದ ಗ್ಯಾದರಿಂಗ್ ಶನಿವಾರ ಮಧ್ಯಾಹ್ನ. ಅತಿಥಿಗಳು ಎಂದಿನಂತೆ ದಾರಿಯಲ್ಲಿದ್ದರು. ಕಾಲರಿಗೆ ಮೈಕು ಸಿಕ್ಕಿಸಿಕೊಂಡು ತಂಬಿಗೆ ಎತ್ತಿ ಹಿಡಿದೆ. “ಇದು ನಮ್ಮವ್ವನ ತಾಂಬ್ಯಾ ಐತ್ರಿ. ನಲವತ್ತ ವರ್ಷ ನಮ್ಮ ಅಡಗಿಮನ್ಯಾಗ ಇತ್ತ. ಇದರಾಗಿನ ನೀರ ಎಂದೂ ತೀರೂದಿಲ್ಲ.” ಬಾಯಿಪಾಠ ಮಾಡಿದ ಸುಳ್ಳು, ಬೆಣ್ಣೆಯ ಹಾಗೆ ಜಾರಿ ಬಂತು. ಮೂರು ಸಲ ನೀರು ಸುರಿದೆ. ಈ ಸಲ ಯಾವ ಹುಡುಗಿಯೂ ಎದ್ದು ನಿಲ್ಲಲಿಲ್ಲ. ಚಪ್ಪಾಳೆಯ ಹುರುಪಿನಲ್ಲಿ ಕೆಳಗಿಳಿದು, “ಬೇಕಾದ್ರ ಮುಟ್ಟಿ ನೋಡ್ರಿ” ಎಂದು ಮುಂದಿನ ಸಾಲಿನಲ್ಲಿದ್ದ ದೊಡ್ಡಕ್ಕನ ಕೈಗೆ ಕೊಟ್ಟೆ.

ದೊಡ್ಡಕ್ಕ ನಮ್ಮ ಓಣಿಯವರು, ಎಂಬತ್ತರ ಹತ್ತಿರದ ಮುದುಕಿ, ಮೊಮ್ಮಗಳ ಕುಣಿತ ನೋಡಲು ಬಂದಿದ್ದರು. ಅವರ ಮನೆಗೆ ಹಿರಿ ಸೊಸೆಯಾಗಿ ಬಂದದ್ದರಿಂದ ದೊಡ್ಡಕ್ಕ. ಅವರ ಮೈದುನನ ಹೆಂಡತಿ ಸಣ್ಣಕ್ಕ. ಒಂದೇ ಮನೆಯನ್ನು ಗೋಡೆ ಹಾಕಿ ಎರಡು ಮಾಡಿಕೊಂಡಿದ್ದಾರೆ. ಇಬ್ಬರೂ ಮಾತಾಡಿದ್ದನ್ನು ನನ್ನ ವಯಸ್ಸಿನವರು ಯಾರೂ ಕಂಡಿಲ್ಲ. ಏನೋ ಪಾತ್ರೆಯ ಜಗಳವಂತೆ, ಅಷ್ಟೇ ಗೊತ್ತು.

ದೊಡ್ಡಕ್ಕ ತಂಬಿಗೆಯನ್ನು ನೋಡಲಿಲ್ಲ. ಅವರ ಹೆಬ್ಬೆರಳು ತಾನಾಗಿ ಹೆಸರಿನ ಮೇಲೆ ಹೋಯಿತು. ಕೊನೆಯ ಅಕ್ಷರಕ್ಕೆ ಬಂದು, ಅಲ್ಲಿಂದ ಗೆರೆ ಹಿಡಿದು ಕಂಠದವರೆಗೆ ಹತ್ತಿತು. ಅಲ್ಲೇ ನಿಂತಿತು.

“ತಮ್ಮಾ, ಇದು ನಂದ ಐತಿ.”

ನನ್ನ ಕಾಲರಿನ ಮೈಕು ಆ ಮಾತನ್ನು ಮೈದಾನಕ್ಕೆಲ್ಲ ಕೇಳಿಸಿತು.

“ನಮ್ಮಪ್ಪ ಕೊಟ್ಟಿದ್ದ. ಅಕ್ಷರಾ ನನಗ ಬರೂದಿಲ್ಲ, ಈ ಗೆರಿ ಬರತೈತಿ. ನಿಮ್ಮಕ್ಕನ ಮದುವಿಗೆ ಕೊಟ್ಟಿದ್ದೆ, ಹೊಳ್ಳಿ ಬರಲಿಲ್ಲ.” ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದರೆ ಎಷ್ಟೋ ಚೆನ್ನಾಗಿತ್ತು. “ಚಂದ್ರವ್ವ ಇಟ್ಕೊಂಡಿದ್ಲ? ನಮ್ಮ ಚಂದ್ರವ್ವ?”

ಸೋನಾಬಾಯಿ! ದೊಡ್ಡಕ್ಕ ಎಂದೇ ಕರೆದು ಬೆಳೆದ ನನಗೆ ಈ ಹೆಂಗಸಿಗೆ ಒಂದು ಹೆಸರಿದೆ ಎಂಬುದೇ ಹೊಳೆದಿರಲಿಲ್ಲ. ‘ಇದು ಹೊಸದು’ ಎಂಬ ಎರಡು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಗಾಬರಿಯಾಗಿತ್ತು, ಅದು ಖರೆ. ಆದರೆ ಗಾಬರಿಯ ಒಳಗೆ ಎಲ್ಲೋ, ಹೇಳಿದರೆ ಜಾದೂ ಕೆಡುತ್ತದೆ ಎಂಬ ಲೆಕ್ಕವೂ ಇತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಗೇಟಿಗೆ ಅತಿಥಿಗಳ ಕಾರು ಬಂತು, ಹೆಡ್ ಮಾಸ್ತರರು ನನ್ನ ಕಾಲರಿನಿಂದ ಮೈಕು ಕಿತ್ತುಕೊಂಡು ಓಡಿದರು. ದೊಡ್ಡಕ್ಕ ತಂಬಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದರು.

ನಾನು ರಾಯಬಾಗ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಮ್ಮವ್ವನನ್ನು ದೊಡ್ಡವ್ವ ಎನ್ನುವ ಕಾಕಾನ ಮಗ ಫೋನು ಮಾಡಿ, “ದೊಡ್ಡವ್ವ ಹಿಂಗ ಮಾಡಿದ್ಲೇನೋ? ಊರಾಗ ತಲಿ ಎತ್ತಾಕ ಆಗವಲ್ದು” ಎಂದ. ಸೌಟನ್ನು ಬಾಗಿಲಿಗೆ ನೇತು ಹಾಕಿದ ನಮ್ಮವ್ವ, ಸತ್ತ ಆರು ವರ್ಷಕ್ಕೆ ಕಳ್ಳಿಯಾಗಿದ್ದಳು. ಮಾಡಿದವನು ಹೊಟ್ಟೆಯ ಮಗ, ಮೊಟ್ಟೆ, ತಂಬಾಕು, ತಿಪ್ಪೆ ಎಲ್ಲ ಬಳಸಿ, ಆರು ತಿಂಗಳು ಕಷ್ಟಪಟ್ಟು.

ಇನ್ನೊಂದು ಸುದ್ದಿಯನ್ನೂ ಅವನೇ ಹೇಳಿದ. ನಲವತ್ತು ವರ್ಷದ ಹಿಂದೆ ಮದುವೆಮನೆಯಿಂದ ಪಾತ್ರೆಗಳನ್ನು ಹೊತ್ತು ತಂದವಳು ಸಣ್ಣಕ್ಕ. ತಂಬಿಗೆ ಅವಳೇ ಮುಚ್ಚಿಟ್ಟಳು ಎಂದು ದೊಡ್ಡಕ್ಕ ಮಾತು ಬಿಟ್ಟದ್ದು. ಈಗ ಗ್ಯಾದರಿಂಗ್‌ನಿಂದ ನೆಟ್ಟಗೆ ಸಣ್ಣಕ್ಕನ ಬಾಗಿಲಿಗೆ ಹೋಗಿ, ತಂಬಿಗೆ ಮುಂದಿಟ್ಟು, ಎಲ್ಲರೆದುರು ಮಾಫಿ ಕೇಳಿದರಂತೆ. ಇಬ್ಬರೂ ಅತ್ತರಂತೆ.

ನಾನು ಫೋನು ಇಟ್ಟು ಲೆಕ್ಕ ಹಾಕಿದೆ. ಖರೆ ಹೇಳಿದರೆ ಅವ್ವ ಪಾರಾಗುತ್ತಾಳೆ, ಸಣ್ಣಕ್ಕ ಮತ್ತೆ ಕಳ್ಳಿಯಾಗುತ್ತಾಳೆ. ಸುಮ್ಮನಿದ್ದರೆ ಇಬ್ಬರು ಮುದುಕಿಯರು ಒಂದಾಗಿರುತ್ತಾರೆ, ಅವ್ವ ಕಳ್ಳಿಯಾಗಿಯೇ ಉಳಿಯುತ್ತಾಳೆ. ಶೋಭಾಳಿಗೆ ಹೇಳಿದೆ. ಅವಳು ಚೇಷ್ಟೆ ಮಾಡಲಿಲ್ಲ.

“ಅತ್ತಿ ಇದ್ದಿದ್ರ ಏನ ಅಂತಿದ್ರು? ಸೌಟ ಯಾರದೈತಿ ಅವರಿಗೆ ಕೊಡ ಅಂತಿದ್ರು.”

ಭಾನುವಾರ ಬೆಳಿಗ್ಗೆ ಹೋದಾಗ ಇಬ್ಬರೂ ದೊಡ್ಡಕ್ಕನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು, ನಡುವೆ ತಂಬಿಗೆ. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ನೀರು ತರಿಸಿ ಸುರಿದು ತೋರಿಸಿದೆ, ತೂತು ತೋರಿಸಿದೆ, ಮೊಟ್ಟೆ, ತಿಪ್ಪೆ, ದಸ್ತಗೀರ ಚಾಚಾ ಯಾವುದನ್ನೂ ಬಿಡಲಿಲ್ಲ. ದೊಡ್ಡಕ್ಕನ ಹೆಬ್ಬೆರಳು ಗೆರೆಯ ಮೇಲೆ ಓಡಾಡುತ್ತಲೇ ಇತ್ತು.

“ಅಂದ್ರ ಇದು ನಮ್ಮಪ್ಪ ಕೊಟ್ಟದ್ದಲ್ಲ.”

“ಅಲ್ರಿ.”

ಸಣ್ಣಕ್ಕ ಚಹಾದ ಬಟ್ಟಲು ಕೆಳಗಿಟ್ಟು ಎದ್ದರು. ಗೋಡೆಯ ಆಚೆ ಹೋಗಲು ಮೂರು ಹೆಜ್ಜೆ ಸಾಕು. ದೊಡ್ಡಕ್ಕ ಅವರ ಸೆರಗು ಹಿಡಿದರು.

“ಎಲ್ಲಿಗೆ ಹೊಂಟಿ? ಕೂಡ. ನಿನ್ನಿ ಕೇಳಿದ ಮಾಫಿ ಇವತ್ತ ಹೊಳ್ಳಿ ಇಸ್ಕೊಳ್ಳಾಕ ಬರೂದಿಲ್ಲ.”

“ಮತ್ತ ತಾಂಬ್ಯಾ, ಅಕ್ಕಾ?”

“ಹೋತ. ನಲವತ್ತ ವರ್ಷದ ಹಿಂದ ಹೋಗೇತಿ. ಈಗೇನ ಹೊಸದಾಗಿ ಹೋಗಿಲ್ಲ.”

ಸಣ್ಣಕ್ಕ ಕೂತರು. ದೊಡ್ಡಕ್ಕ ನನ್ನ ಕಡೆ ತಿರುಗಿದಾಗ ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ, ಆ ಮುದುಕಿ ನನಗೆ ಕೈ ಮುಗಿದು ನಿಂತಿದ್ದಾರೆ.

“ಬಾಗಲಕ ಸೌಟ ಹಾಕಿದಾಕಿಗೆ ನಾ ಕಳ್ಳಿ ಅಂದೆ. ನಿನ್ನಿಯಿಂದ ಬಾಯಿಗೆ ಬಂದಂಗ ಬೈದೀನಿ. ಅಕಿ ಇಲ್ಲ. ನೀನ ತಗೋ.”

“ದೊಡ್ಡಕ್ಕಾ, ತಪ್ಪ ನಂದ ಐತಿ, ನೀವ್ಯಾಕ...”

“ನಿಂದ ಬ್ಯಾರೆ ಐತಿ. ನಿನಗ ಆಮ್ಯಾಲ ಬೈತೀನಿ. ಮೊದಲ ನಿಮ್ಮವ್ವನ ಮಾಫಿ ತಗೋ.”

ತಗೊಂಡೆ. ಎರಡೂ ಕೈ ಚಾಚಿ, ಪ್ರಸಾದ ಇಸಿದುಕೊಂಡ ಹಾಗೆ. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಆಮೇಲೆ ಬೈದರು. ಕೂಡಿಸಿ, ಚಹಾ ಕುಡಿಸಿ, ಸಾವಕಾಶವಾಗಿ ಬೈದರು. ದಣಿದಾಗ ಸಣ್ಣಕ್ಕ ಮುಂದುವರಿಸಿದರು. ಕೊನೆಗೆ ಶಿಕ್ಷೆ ಹೇಳಿದರು: ಊರ ಮುಂದೆ ಕಳ್ಳಿ ಮಾಡಿದ್ದೀ, ಊರ ಮುಂದೆಯೇ ಬಿಡಿಸು. ತಂಬಿಗೆಯನ್ನು ನನಗೇ ಮರಳಿ ಕೊಟ್ಟರು, ಒಂದು ದಿನದ ಮಟ್ಟಿಗೆ.

ಸೋಮವಾರ ಶಾಲೆಯ ಪ್ರಾರ್ಥನೆಗೆ ಊರಿನ ಅರ್ಧ ಜನ ಬಂದಿದ್ದರು. ಮುಂದೆ ಎರಡು ಕುರ್ಚಿಯಲ್ಲಿ ದೊಡ್ಡಕ್ಕ, ಸಣ್ಣಕ್ಕ. ಆ ದಿನ ಮೈಕು ಕೆಟ್ಟಿತ್ತು. ತಂಬಿಗೆ ಎತ್ತಿ ಹಿಡಿದು, ಹೆಬ್ಬೆರಳು ತೆಗೆದು, ತೂತು ತೋರಿಸಿದೆ. ಒಂಬತ್ತರಿಂದ ಹತ್ತಕ್ಕೆ ಬಂದಿದ್ದ ಆ ಹುಡುಗಿ, ನಾನು ಹೇಳಿರಲಿಲ್ಲವೇ ಎಂಬಂತೆ ನೋಡಿದಳು. “ಇದು ಹೊಸಾದ ಐತಿ,” ಎಂದೆ. “ನಾನ ಹಳೇದ ಮಾಡೀನಿ. ನಮ್ಮವ್ವ ಯಾರ ತಾಂಬ್ಯಾನೂ ಇಟ್ಕೊಂಡಾಕಿ ಅಲ್ಲ.” ಹೇಳುತ್ತ ಹೇಳುತ್ತ ದನಿ ಸಣ್ಣಗಾಯಿತು.

ಮುಂದಿನ ಕುರ್ಚಿಯಿಂದ ದೊಡ್ಡಕ್ಕ ಕೂಗಿದರು, “ಜೋರ ಹೇಳೋ ತಮ್ಮಾ! ಹಿಂದಿನವ್ರಿಗೆ ಕೇಳವಲ್ದು!”

ನಾನು ಮೊದಲಿನಿಂದ ಮತ್ತೆ ಹೇಳಿದೆ, ಗೇಟಿನ ತನಕ ಕೇಳುವಂತೆ.